ಟೈರು ಆರಿಸಿದ್ದು ನಾನೇ

ನಮ್ಮಣ್ಣನಿಗೆ ಚಳ್ಳಕೆರೆಯಲ್ಲಿ ಶೇಂಗಾ ಎಣ್ಣೆ ಮಿಲ್ಲಿದೆ. ನಲವತ್ತು ದಾಟಿದ ಮೇಲೆ ಅವನಿಗೆ ಸ್ಪೋರ್ಟ್ಸ್ ಕಾರಿನ ಹುಚ್ಚು ಹಿಡಿಯಿತು. ಯಾರೋ ಓಡಿಸಿ ಬಿಟ್ಟದ್ದನ್ನು ಬೆಂಗಳೂರಿನಿಂದ ತಂದ. ಕೆಂಪು ಬಣ್ಣ, ಎರಡೇ ಬಾಗಿಲು, ಎರಡೇ ಸೀಟು, ಹೊಟ್ಟೆ ನೆಲಕ್ಕೆ ತಾಗುತ್ತದೇನೋ ಅನ್ನುವಷ್ಟು ತಗ್ಗು. ಭಾನುವಾರ ಮುಂಜಾನೆ ಕುದಾಪುರದ ಕಡೆ, ಹುಲ್ಲುಗಾವಲಿನ ಬೇಲಿಗುಂಟ ಹೋಗುವ ನೆಟ್ಟನೆಯ ರಸ್ತೆಯಲ್ಲಿ ಅದನ್ನು ಓಡಿಸಿಕೊಂಡು ಬಂದರೆ ಅವನಿಗೆ ವಾರವಿಡೀ ಸಮಾಧಾನ. ಅತ್ತಿಗೆ ಒಮ್ಮೆ ಕೂತು, ಸೊಂಟ ಹಿಡಿದುಕೊಂಡು ಇಳಿದವರು ಮತ್ತೆ ಅದರ ಹತ್ತಿರ ಸುಳಿಯಲಿಲ್ಲ.

ಈ ಬೇಸಿಗೆಯಲ್ಲಿ ನಾನು ತವರಿಗೆ ಹೋದಾಗ ಅದರ ಟೈರುಗಳು ಸವೆದಿದ್ದವು. "ಬಾರವ್ವ, ನೀನೂ ಒಂದು ಮಾತು ಹೇಳೀಯಂತೆ" ಎಂದು ಅಣ್ಣ ನನ್ನನ್ನೂ ಟೈರಂಗಡಿಗೆ ಕರೆದೊಯ್ದ. ಅಂಗಡಿಯವನು ಎರಡು ಥರದವನ್ನು ತೋರಿಸಿದ. ಒಂದು ಅಗಲವಾದದ್ದು. ಮೆತ್ತನೆಯ ರಬ್ಬರು, ಪಕ್ಕದ ಎತ್ತರ ನಾಲ್ಕು ಬೆರಳೂ ಇಲ್ಲ. ಎಂಥ ವೇಗದಲ್ಲಿ ತಿರುಗಿಸಿದರೂ ರಸ್ತೆ ಬಿಡುವುದಿಲ್ಲವಂತೆ. ಆದರೆ ಚೂಪು ಕಲ್ಲು ಪಕ್ಕಕ್ಕೆ ಬಡಿದರೆ ಸೀಳಿಹೋಗುತ್ತದಂತೆ. ಇನ್ನೊಂದು ಗಟ್ಟಿ ರಬ್ಬರಿನದು, ಪಕ್ಕ ಎತ್ತರ, ಅದಕ್ಕೆ ರಿಮ್ಮೂ ಚಿಕ್ಕದು ಬೇಕು. "ಗ್ರಿಪ್ಪು ಅಷ್ಟಿರಲ್ಲ ಅಣ್ಣಾ, ಆದ್ರೆ ನಮ್ ಕಡೆ ರಸ್ತೆಗೆ ತಡೀತೈತೆ" ಅಂದ ಅಂಗಡಿಯವನು.

ಅಣ್ಣ ಎರಡನೆಯದರ ಮೇಲೆ ಕೈಯಿಟ್ಟ. "ಇದೇ ಇರ್ಲಿ. ಪಂಚಮಿಗೆ ನಿಮ್ಮೂರಿಗೆ ಬರಬೇಕಲ್ಲ."

ನನ್ನನ್ನು ಕೊಟ್ಟದ್ದು ಮೊಳಕಾಲ್ಮೂರಿನ ಹತ್ತಿರದ ಒಂದು ಹಳ್ಳಿಗೆ. ಪ್ರತಿ ನಾಗರಪಂಚಮಿಗೆ ಅಣ್ಣ ಬಂದು ನನ್ನನ್ನು ತವರಿಗೆ ಕರೆದೊಯ್ಯುತ್ತಾನೆ. ನನ್ನ ಮೈದುನನ ಹೆಂಡತಿಯನ್ನು ಕರೆಯಲು ಅವಳಣ್ಣನೂ ಬರುತ್ತಾನೆ, ದೊಡ್ಡ ಬಿಳಿ ಕಾರಿನಲ್ಲಿ, ಅರ್ಧ ಊರಿಗೆ ಕೇಳುವಂತೆ ಹಾರನ್ನು ಹೊಡೆಯುತ್ತಾ. ನಮ್ಮಣ್ಣ ಬರುತ್ತಿದ್ದುದು ಮಿಲ್ಲಿನ ವ್ಯಾನಿನಲ್ಲಿ. ಶೇಂಗಾ ಹಿಂಡಿಯ ವಾಸನೆ ಮನೆಯೊಳಗೆ ಬಂದ ಮೇಲೆ ಅಣ್ಣ ಬರುತ್ತಿದ್ದ. ಅದಕ್ಕೆ ನನ್ನ ವಾರಗಿತ್ತಿ ಮೂಗು ಮುರಿದದ್ದನ್ನು ನಾನು ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದೆ. ಈ ಸಲ ಅವಳ ಕಣ್ಣು ಕುಕ್ಕಬೇಕಿತ್ತು.

"ಅದು ಬಾಡಿಗೆ ಕಾರಿನ ಟೈರಿದ್ದಂಗೈತೆ, ಬ್ಯಾಡ. ಆ ಅಗಲದ್ದೇ ಹಾಕಿಸು" ಅಂದೆ.

"ನಿಮ್ಮೂರ ರಸ್ತೆ?"

"ಪಂಚಮಿ ಹೊತ್ತಿಗೆ ಡಾಂಬರು ಆಗಿರ್ತೈತೆ ಬಿಡು."

ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಜಲ್ಲಿ ಸುರಿದು ಹೋದವರು ತಿರುಗಿ ನೋಡಿರಲಿಲ್ಲ. ಆದರೂ ಹೇಗೋ ನಿಧಾನಕ್ಕೆ ಬರುತ್ತಾನೆ ಅಂದುಕೊಂಡೆ. ಅಣ್ಣ ನನ್ನ ಮಾತನ್ನು ನಂಬಿ ಅಗಲದ ಟೈರನ್ನೇ ಹಾಕಿಸಿದ.

ಪಂಚಮಿ ಬಂತು. ನಮ್ಮತ್ತೆಯದು ಒಂದು ಕಟ್ಟುನಿಟ್ಟು: ಕರೆಯಲು ಬಂದ ಅಣ್ಣ ಹೊಸ್ತಿಲ ಮುಂದೆ ಕಾಲಿಗೆ ನೀರು ಹಾಕಿಸಿಕೊಳ್ಳದೆ ಸೊಸೆ ಮನೆಯಿಂದ ಹೊರಡುವಂತಿಲ್ಲ. ಬೆಳಿಗ್ಗೆಯೇ ವಾರಗಿತ್ತಿಯ ಅಣ್ಣ ಬಂದು ಕಾಲು ತೊಳೆದುಕೊಂಡು ಕಟ್ಟೆಯ ಮೇಲೆ ಕೂತು ತಂಬಿಟ್ಟು ತಿನ್ನುತ್ತಿದ್ದ. ಅವನ ಕಾರು ಜಲ್ಲಿಯ ಮೇಲೆ ಬಂದು ಮೈಯೆಲ್ಲ ಧೂಳಾಗಿತ್ತು. ನಾನು ಅದನ್ನು ನೋಡಿ ಒಳಗೊಳಗೇ ನಗುತ್ತಿದ್ದಾಗ ನನ್ನ ಫೋನು ಬಡಿದುಕೊಂಡಿತು.

"ಮೇನ್ ರೋಡಾಗೆ ನಿಂತಿದೀನಿ ಕಣವ್ವ. ಈ ಕಲ್ಲ ಮ್ಯಾಲೆ ತಂದ್ರೆ ಟೈರು ಹರಿದೇ ಹೋಗ್ತಾವೆ. ಬಿಟ್ಟು ಬರಾನ ಅಂದ್ರೆ ಹುಡುಗ್ರು ಮ್ಯಾಲೆ ಹತ್ತಾಕ್ಹತ್ಯಾರೆ. ನೀನೇ ಬಂದ್ಬಿಡವ್ವ."

ಅತ್ತೆ ಆಗಲೇ ತಂಬಿಗೆ ತುಂಬಿಸಿಕೊಂಡು ಹೊಸ್ತಿಲಲ್ಲಿ ನಿಂತಿದ್ದರು. "ಎಲ್ಲೈತವ್ವ ಗಾಡಿ?"

"ರೋಡಾಗೆ ನಿಂತೈತಂತೆ ಅತ್ತೆ."

"ಗಾಡಿ ನಿಲ್ಲಲಿ. ಅವನಿಗೆ ನಡಕೊಂಡು ಬರಾಕೇನಾಗೈತೆ?"

ವಾರಗಿತ್ತಿ ಬಾಗಿಲಿಗೆ ಒರಗಿ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಟೈರಿನ ಆಸೆಗೆ ನಮ್ಮಣ್ಣ ಹೊಸ್ತಿಲು ತುಳಿಯಲಿಲ್ಲ ಎಂದು ಅವಳ ಮುಂದೆ ಹೇಗೆ ಹೇಳಲಿ? "ಅವನ ಕಾಲು ಉಳುಕೈತಂತ್ರಿ" ಅಂದೆ. ಆ ಮಾತು ಎಲ್ಲಿಂದ ಬಂತೋ ನನಗೇ ತಿಳಿಯದು.

ಅತ್ತೆ ರಾಯದುರ್ಗದ ಕಡೆಯವರು, ಕನಿಕರ ಬಂದರೆ ತೆಲುಗೂ ಬರುತ್ತದೆ. "ಅಯ್ಯೋ ಪಾಪಂ!" ಎಂದು ಒಳಗೆ ಹೋದವರು ಹರಳೆಣ್ಣೆ ಬಿಸಿ ಮಾಡಿ ಬಟ್ಟಲಿಗೆ ಹಾಕಿಕೊಂಡು ಬಂದರು. ಒಂದು ಕೈಯಲ್ಲಿ ತಂಬಿಗೆ, ಇನ್ನೊಂದರಲ್ಲಿ ಬಟ್ಟಲು. "ಅವ ಬರಾಕಾಗದಿದ್ರೆ ನಾವು ಹೋಗಾನ, ನಡಿಯವ್ವ."

"ಬ್ಯಾಡ್ರಿ ಅತ್ತೆ, ನಿಮಗೇ ಮಂಡಿ ನೋವು" ಅಂದೆ. ಕೇಳಲಿಲ್ಲ. ಜಲ್ಲಿಯ ಮೇಲೆ ಒಂದೊಂದೇ ಹೆಜ್ಜೆ ಊರಿಕೊಂಡು, ನೀರು ಚೆಲ್ಲದಂತೆ ಹಿಡಿದುಕೊಂಡು ನನ್ನ ಮುಂದೆ ನಡೆದರು. ತಂಬಿಗೆಯನ್ನಾದರೂ ಕೊಡಿ ಎಂದರೆ ಅದು ಸೊಸೆ ಹಿಡಿಯುವುದಲ್ಲ ಎಂದರು. ಎರಡು ಸಲ ಅವರ ಚಪ್ಪಲಿ ಕಲ್ಲಿನ ಸಂದಿಗೆ ಸಿಕ್ಕಿತು. ದಾರಿಯುದ್ದಕ್ಕೂ ನಿಜ ಹೇಳಿಬಿಡೋಣ ಅನ್ನಿಸುತ್ತಿತ್ತು, ಬಾಯಿ ಬರಲಿಲ್ಲ.

ಅಣ್ಣ ಹೊಸ ಶೂ ಹಾಕಿಕೊಂಡು ಕಾರಿಗೆ ಒರಗಿ ನಿಂತಿದ್ದ. ನಮ್ಮನ್ನು ಕಂಡವನೇ ಎದುರಿಗೆ ಓಡಿಬರಲು ಎರಡು ಹೆಜ್ಜೆ ಹಾಕಿದ. ನಾನು ಅತ್ತೆಯ ಬೆನ್ನ ಹಿಂದಿನಿಂದ ಬೇಡ ಬೇಡ ಎಂದು ಕೈಯಾಡಿಸಿದೆ. ಅವನು ನಿಂತ.

"ಯಾವ ಕಾಲಪ್ಪಾ ಉಳುಕಿದ್ದು?" ಅತ್ತೆ ಕೇಳಿದರು.

ಅಣ್ಣ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ಚಿಕ್ಕಂದಿನಿಂದ ನನ್ನ ಸುಳ್ಳಿಗೆಲ್ಲ ಹೆಗಲು ಕೊಟ್ಟವನು ಅವನು. "ಬಲಗಾಲು, ಅತ್ತೆ" ಅಂದ.

ಕಾರಿನ ಬಾಗಿಲು ತೆಗೆಸಿ, ಆ ತಗ್ಗು ಸೀಟಿನ ಅಂಚಿಗೆ ಅವನನ್ನು ಕೂರಿಸಿ, ಶೂ ಬಿಚ್ಚಿಸಿದರು. ಎರಡೂ ಕಾಲಿಗೆ ನೀರು ಹಾಕಿದರು. ಆಮೇಲೆ ಆ ಮಂಡಿ ನೋವಿನ ಹೆಂಗಸು ರಸ್ತೆಯ ಅಂಚಿನಲ್ಲಿ ನೆಲಕ್ಕೇ ಕೂತು, ಅವನ ಬಲಗಾಲನ್ನು ತೊಡೆಯ ಮೇಲಿಟ್ಟುಕೊಂಡು ಎಣ್ಣೆ ತಿಕ್ಕತೊಡಗಿದರು. ಹೋಗುವ ಆಟೋಗಳು ನಿಂತವು. "ಕಾಲು ನೋವಿದ್ರೂ ತಂಗೀನ ಕರಿಯಾಕೆ ಬಂದಾನೆ ನೋಡ್ರಪ್ಪಾ, ಅಣ್ಣ ಅಂದ್ರೆ ಹಿಂಗಿರಬೇಕು" ಎಂದು ನಿಂತವರಿಗೆಲ್ಲ ಹೇಳಿದರು. ಅಣ್ಣ ಆಗಾಗ "ಅಮ್ಮಾ" ಎಂದು ನರಳುತ್ತಿದ್ದ. ಭೂಮಿ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ನನ್ನ ಜಂಬಕ್ಕೆ ಈ ಇಬ್ಬರೂ ನಡುರಸ್ತೆಯಲ್ಲಿ ಹೀಗೆ ಕೂತಿದ್ದರು.

ಏಳುವಾಗ ಅತ್ತೆ ಆಸರೆಗೆ ಮುಂದಿನ ಟೈರನ್ನು ಹಿಡಿದುಕೊಂಡರು. ಹೊಸ ರಬ್ಬರಿನ ಮೇಲೆ ಐದು ಬೆರಳಿನ ಎಣ್ಣೆ ಮೂಡಿತು. ಅಣ್ಣ ಅವರ ಕಾಲಿಗೆ ನಮಸ್ಕಾರ ಮಾಡಿದ. ನನ್ನ ಚೀಲ ತೆಗೆದುಕೊಂಡು ಹಿಂದಿನ ಡಿಕ್ಕಿಯ ಕಡೆಗೆ ಹೊರಟ. ಕುಂಟಬೇಕೆಂದು ನೆನಪಾದದ್ದು ಅರ್ಧ ದಾರಿಯಲ್ಲಿ. ಕುಂಟಿದ, ಎಡಗಾಲಿನಲ್ಲಿ.

ಅತ್ತೆ ನೋಡಿದರು. ನಾನು ನೋಡಿದ್ದನ್ನೂ ನೋಡಿದರು. ಸಿಟ್ಟಾಗಲಿಲ್ಲ. ನಾನು ಕಾರಿನೊಳಗೆ ಕೂತ ಮೇಲೆ ಬಗ್ಗಿ, ಉಳಿದ ಎಣ್ಣೆಯ ಬಟ್ಟಲನ್ನು ನನ್ನ ಕೈಗೆ ಕೊಟ್ಟರು.

"ಯಾವ ಕಾಲು ನೋಯ್ತೈತಂತ ಊರಿಗೆ ಹೋದ ಮ್ಯಾಲೆ ಇಬ್ರೂ ಕೂತು ಗೊತ್ತು ಮಾಡ್ಕಳ್ರವ್ವ. ಅದಕ್ಕೆ ಹಚ್ಚು" ಅಂದರು.