ರೇಡಿಯೋ ಸಾಹೇಬರ ಒಂದು ಚಿಪ್

ಮೊನ್ನೆ ನನ್ನ ಅಂಗಡಿಯ ಕಂಪ್ಯೂಟರಿಗೆ ಹೊಸ ಮೆಮೊರಿ ಹಾಕಲೆಂದು ಸ್ಕ್ರೂಡ್ರೈವರ್ ಹುಡುಕುವಾಗ ಡ್ರಾಯರಿನ ತಳದಲ್ಲಿ ಕಪ್ಪು ಸ್ಪಂಜಿನ ತುಂಡೊಂದು ಸಿಕ್ಕಿತು. ಬೆಂಕಿಪೆಟ್ಟಿಗೆಗಿಂತ ಚಿಕ್ಕದು, ಮುಟ್ಟಿದರೆ ಪುಡಿಯಾಗುತ್ತದೆ. ಮೇಲೆ ಸೂಜಿಯಲ್ಲಿ ಚುಚ್ಚಿದಂತೆ ಎರಡು ಸಾಲು ತೂತು... ಕಾಪುವಿನ ರೇಡಿಯೋ ಸಾಹೇಬರು ನೆನಪಾದರು.

ಎಂಬತ್ತರ ದಶಕದ ಕೊನೆ. ಪರ್ಕಳದಲ್ಲಿ ಬಾಡಿಗೆ ಕೋಣೆ ಹಿಡಿದು, ಮಣಿಪಾಲದ ಒಂದು ಟೈಪಿಂಗ್ ಕಚೇರಿಯಲ್ಲಿ ವಿದ್ಯಾರ್ಥಿಗಳ ಪ್ರಬಂಧ ಟೈಪ್ ಮಾಡುತ್ತಿದ್ದೆ. ಇಡೀ ಕಚೇರಿಗೆ ಒಂದೇ ಕಂಪ್ಯೂಟರ್, ಒಂದೇ ಎ.ಸಿ. ಆ ಎ.ಸಿ. ಕೂಡ ಕಂಪ್ಯೂಟರಿಗೆ, ನಮಗಲ್ಲ. ಪ್ರಬಂಧ ಸ್ವಲ್ಪ ಉದ್ದವಾದರೆ ಮೆಮೊರಿ ಸಾಲದೆ ಯಂತ್ರ ಮುಷ್ಕರ ಹೂಡುತ್ತಿತ್ತು. ಕೊನೆಗೆ ಧಣಿಗಳು ಬೊಂಬಾಯಿಯಿಂದ ಒಂಬತ್ತು ಮೆಮೊರಿ ಚಿಪ್ ತರಿಸಿದರು.

"ಇದು ಹಾಳಾದರೆ ಬೇರೆ ತರಿಸಲಿಕ್ಕಿಲ್ಲ. ಯಂತ್ರ ಮಾರಿಬಿಡುವುದು. ನೀನು ನಿನ್ನ ಊರು ಎರ್ಮಾಳಿಗೆ ಹೋಗಿ ಅಮ್ಮನೊಟ್ಟಿಗೆ ಬೀಡಿ ಕಟ್ಟು," ಎಂದರು. ತಮಾಷೆಯೋ ನಿಜವೋ ತಿಳಿಯದ ಮುಖ ಅವರದು. ನನಗೆ ಮಾತ್ರ ಎರಡು ರಾತ್ರಿ ನಿದ್ದೆ ಬರಲಿಲ್ಲ.

ಚಿಪ್ ಹಾಕಲು ಬರಬೇಕಾಗಿದ್ದವರು ಸಾಹೇಬರು. ಗಲ್ಫಿನಲ್ಲಿ ಕಂಪ್ಯೂಟರ್ ರಿಪೇರಿ ಕಲಿತು ಬಂದು ಕಾಪುವಿನಲ್ಲಿ ರೇಡಿಯೋ ಅಂಗಡಿ ಇಟ್ಟಿದ್ದರು. ಅವರು ಬರುವ ಮೊದಲೇ ನಾನು ಜಾಣತನ ತೋರಿಸಿದೆ. ಶುಭಕಾರ್ಯವಲ್ಲವೇ ಎಂದು ಭಾವ ದುಬಾಯಿಯಿಂದ ತಂದ ನೈಲಾನ್ ಸೀರೆ ಉಟ್ಟು, ಚಿಪ್‌ಗಳನ್ನೆಲ್ಲ ಸ್ಪಂಜಿನಿಂದ ಕಿತ್ತು ತಟ್ಟೆಯಲ್ಲಿ ಸಾಲಾಗಿಟ್ಟು, ಒಂದೊಂದಕ್ಕೂ ಕುಂಕುಮ ಹಚ್ಚಿ, ಮಲ್ಲಿಗೆ ಇಟ್ಟು ಕೈಮುಗಿದೆ.

ಬಾಗಿಲಲ್ಲೇ ನಿಂತು ನೋಡಿದ ಸಾಹೇಬರು ನಗಲೂ ಇಲ್ಲ, ಗದರಲೂ ಇಲ್ಲ.

"ಎಂತ ತಂಗಿ ಇದು? ಪೂಜೆ ಕಂಪ್ಯೂಟರಿನ ಪೆಟ್ಟಿಗೆಗೆ ಮಾಡಿ. ಇವನ್ನು ಹೀಗೆ ಮುಟ್ಟಲಿಕ್ಕೆ ಉಂಟಾ? ಎ.ಸಿ. ಕೋಣೆಯಲ್ಲಿ ನೈಲಾನ್ ಸೀರೆಗೆ ಕರೆಂಟ್ ಹತ್ತುತ್ತದೆ. ನಮಗೆ ಗೊತ್ತೇ ಆಗುವುದಿಲ್ಲ, ಇವು ಸಾಯುತ್ತವೆ."

ಪರ್ಕಳಕ್ಕೆ ಓಡಿ ಹತ್ತಿಯ ಸೀರೆ ಉಟ್ಟು ಬಂದೆ. ಅಷ್ಟರಲ್ಲಿ ಅವರು ಸಣ್ಣ ಬ್ರಷ್ಷಿನಲ್ಲಿ ಕುಂಕುಮವನ್ನೆಲ್ಲ ತೆಗೆದಿದ್ದರು. ಪ್ಲಗ್ ಕಿತ್ತು, ಮೈಯ ಕರೆಂಟ್ ಇಳಿಯಲೆಂದು ಪೆಟ್ಟಿಗೆಯ ಕಬ್ಬಿಣದ ಚೌಕಟ್ಟನ್ನು ಮುಟ್ಟಿ, ನನ್ನಿಂದಲೂ ಮುಟ್ಟಿಸಿ, ಒಂಬತ್ತನ್ನೂ ಕೂರಿಸಿದರು. ಚಾಲೂ ಮಾಡಿದರೆ ಪರದೆಯ ಮೇಲೆ ದೋಷದ ಸಾಲು.

ಸಾಹೇಬರು ತಮ್ಮ ಸಾಮಾನಿನ ಪೆಟ್ಟಿಗೆಯಿಂದ ಪುಟ್ಟ ಕಪ್ಪು ಸ್ಪಂಜಿಗೆ ಚುಚ್ಚಿದ್ದ ಒಂದು ಚಿಪ್ ತೆಗೆದರು. ಪ್ರತಿ ಸಲವೂ ಪ್ಲಗ್ ಕಿತ್ತು, ಒಂದೊಂದರ ಜಾಗದಲ್ಲಿ ಅದನ್ನಿಟ್ಟು ನೋಡಿದರು. ಆರನೆಯದರ ಜಾಗದಲ್ಲಿ ಇಟ್ಟಾಗ ದೋಷ ಮಾಯವಾಯಿತು. ಸತ್ತದ್ದು ಅದೊಂದೇ. ನಾನು ಅಳಲು ಶುರುಮಾಡಿದೆ, ಕುಂಕುಮ ಹಚ್ಚಿ ನಾನೇ ಕೊಂದೆನೆಂದು.

"ಕುಂಕುಮದಿಂದ ಅಲ್ಲ, ಸೀರೆಯಿಂದ. ದೇವರ ಮೇಲೆ ಹಾಕಬೇಡಿ," ಎಂದರು. ಆಮೇಲೆ ಪ್ಲಗ್ ಕಿತ್ತು, ತಮ್ಮದೂ ಸೇರಿ ಒಂಬತ್ತನ್ನೂ ಮತ್ತೆ ಹೊರತೆಗೆದು ಬೊಂಬಾಯಿಯ ಸ್ಪಂಜಿಗೆ ಚುಚ್ಚಿ ನನ್ನ ಮುಂದಿಟ್ಟರು. "ಈಗ ನೀವು ಹಾಕಿ. ಒಂದು ತುದಿಯಲ್ಲಿ ಕಚ್ಚು ಉಂಟು, ಎಲ್ಲದರದ್ದೂ ಒಂದೇ ಕಡೆಗೆ ಬರಬೇಕು. ಒತ್ತುವಾಗ ಚಿಪ್ಪಿನ ಕಾಲು ಮಡಚಬಾರದು."

ಚೌಕಟ್ಟು ಮುಟ್ಟಿ, ಒಂದೊಂದರ ಕಚ್ಚು ನೋಡಿ ಹಾಕಿ, ಚಾಲೂ ಮಾಡಿದೆ. ಪರದೆಯ ಮೂಲೆಯಲ್ಲಿ ಮೆಮೊರಿಯ ಅಂಕಿ ಏರುತ್ತಾ, ಹಿಂದೆ ನಿಲ್ಲುತ್ತಿದ್ದಲ್ಲಿ ನಿಲ್ಲದೆ ಮುಂದಕ್ಕೆ ಹೋಯಿತು. ಅದೇ ಹೊತ್ತಿಗೆ ಧಣಿಗಳು ಒಳಗೆ ಬಂದರು.

"ಆಯ್ತಾ ಸಾಹೇಬರೇ?"

"ಆಯ್ತು. ನಿಮ್ಮ ಹುಡುಗಿಯೇ ಹಾಕಿದ್ದು," ಎಂದು ಸಾಹೇಬರು ಸತ್ತ ಚಿಪ್ಪನ್ನು ಜೇಬಿಗೆ ಇಳಿಸಿದರು. ಅವರ ಚಿಪ್ ಇದ್ದ ಪುಟ್ಟ ಸ್ಪಂಜು ಖಾಲಿಯಾಗಿ ನನ್ನ ಮೇಜಿನ ಮೇಲೇ ಉಳಿಯಿತು.

ಆ ಒಂದು ಮಾತು ನನ್ನ ಬದುಕನ್ನೇ ತಿರುಗಿಸಿತು. ಮುಂದೆ ಯಂತ್ರ ಕೆಟ್ಟಾಗಲೆಲ್ಲ ಧಣಿಗಳು ನನ್ನನ್ನೇ ಕರೆದರು. ವರ್ಷಗಳ ಮೇಲೆ ಪರ್ಕಳದಲ್ಲಿ ನನ್ನದೇ ರಿಪೇರಿ ಅಂಗಡಿ ಆಯಿತು. ಕಾಪುವಿಗೆ ಹೋಗಿ ಅವರಿಗೆ ಹೇಳಿ ಬರಬೇಕು, ನಾಳೆ ಹೋದರಾಯಿತು ಎಂದುಕೊಳ್ಳುತ್ತಲೇ ಇದ್ದೆ... ಕೊನೆಗೂ ಹೋದ ದಿನ ಆ ಅಂಗಡಿಯಲ್ಲಿ ಚಪ್ಪಲಿ ಮಾರುತ್ತಿದ್ದರು. ಸಾಹೇಬರು ತೀರಿಕೊಂಡು ಎರಡು ವರ್ಷವಾಗಿತ್ತಂತೆ. ತಡ ಮಾಡಿದ್ದಕ್ಕೆ ನನ್ನ ಮೇಲೆ ನನಗೆ ಇಂದಿಗೂ ಸಿಟ್ಟುಂಟು.

ಮೊನ್ನೆ ಸ್ಪಂಜನ್ನು ಪಕ್ಕದಲ್ಲಿಟ್ಟು, ಪ್ಲಗ್ ಕಿತ್ತು, ಚೌಕಟ್ಟು ಮುಟ್ಟಿ ಹೊಸ ಮೆಮೊರಿ ಕೂರಿಸಿದೆ. ಉಟ್ಟದ್ದು ಹತ್ತಿಯ ಸೀರೆಯೇ. ಈಗಿನ ಪರದೆಯಲ್ಲಿ ಅಂಕಿ ಏರುವುದು ಕಾಣುವುದಿಲ್ಲ, ಒಮ್ಮೆಲೇ ಬಂದು ನಿಲ್ಲುತ್ತದೆ. ನಿಂತಿತು. ಅಂಗಡಿಯಲ್ಲಿ ಯಾರೂ ಇರಲಿಲ್ಲ. ಬಾಗಿಲ ಕಡೆ ತಿರುಗಿ ಗಟ್ಟಿಯಾಗಿಯೇ ಹೇಳಿದೆ:

"ಆಯ್ತು ಸಾಹೇಬರೇ. ನಾನೇ ಹಾಕಿದ್ದು."