ಮಾವಶಿ ಊದಿ ನೋಡಿದ ಶರ್ಟು

ಗೆಳೆಯರೇ, ಆ ಅಂಗಡಿಗೆ ಇನ್ನು ಯಾವ ಮುಖ ಹೊತ್ತು ಹೋಗಲಿ, ನೀವೇ ಹೇಳಿ.

ಬೇಸಿಗೆಯಲ್ಲಿ ಓಡುವಾಗ ಹಾಕಿಕೊಳ್ಳಲು ಮೈಗೆ ಬಿಗಿಯಾಗಿ ಕೂರುವ ಕಂಪ್ರೆಷನ್ ಶರ್ಟು ಬೇಕೆಂದು ಇವತ್ತು ಸಾಂಗ್ಲಿಯ ಅಂಗಡಿಯೊಂದಕ್ಕೆ ಹೋಗಿದ್ದೆ. ಹೋದ ವಾರ ಬಿಸಿಲಲ್ಲಿ ಓಡುತ್ತಲೇ ತಲೆ ಸುತ್ತಿ ರಸ್ತೆಯಲ್ಲಿ ಬಿದ್ದಿದ್ದೆನಲ್ಲ, ಅದಕ್ಕೇ ಮಾಧವನಗರದ ಮಾವಶಿ, ಅಂದರೆ ನನ್ನ ಅಮ್ಮನ ತಂಗಿಯೂ ಜೊತೆಗೆ ಬಂದರು. ಬಟ್ಟೆ ಗಿರಣಿಯಲ್ಲಿ ಇಪ್ಪತ್ತು ವರ್ಷ ದುಡಿದವರು.

ಮಾಲೀಕರು ಕಪ್ಪು ಶರ್ಟೊಂದನ್ನು ಮುಂದಿಟ್ಟು, "ಬ್ಯಾಸಗಿಗೆ ಇದ ಬೆಸ್ಟ್ ನೋಡ್ರಿ" ಎಂದರು. ಮಾವಶಿ ಅದರ ಒಳಭಾಗವನ್ನು ಸವರಿ ನೋಡಿದವರೇ ಬಾಯಿಗೆ ಒತ್ತಿಕೊಂಡು ಜೋರಾಗಿ ಊದಿಬಿಟ್ಟರು! ಇಡೀ ಅಂಗಡಿ ತಿರುಗಿ ನೋಡಿತು.

"ಅಯ್ಯೋ ಕಾಕು, ಎಂಜಲಾತಲ್ರಿ! ಈಗ ನೀವ ತಗೋಬೇಕು" ಎಂದು ಮಾಲೀಕರು ಕೂಗಿದರು.

"ನನ್ನ ಉಸಿರ ಆಚಿ ಹೋಗವಲ್ದು, ಈ ಪೋರಿ ಬೆವರ ಹೆಂಗ ಹೋದೀತು? ಒಳಗ ಕಂಬಳಿ ಇದ್ದಂಗ ಐತಿ. ಇದು ಥಂಡ್ಯಾಗ ಹಾಕೋ ಮಾಲು. ಬೇಕಾದ್ರ ನೀವೂ ಊದ್ರಿ."

ಮಾಲೀಕರು ನಿಜಕ್ಕೂ ಊದಿದರು! ಆಮೇಲೆ ಕಾಲರಿನ ಚೀಟಿ ಓದಿದರು. ಚಳಿಗಾಲದ್ದೇ. ಒಳಗೆ ಹೋಗಿ ತೆಳ್ಳಗಿನ, ತಿಳಿ ಬಣ್ಣದ ಶರ್ಟು ತಂದರು. ಮಾವಶಿ ಅದನ್ನೂ ಊದಿದರು. ಆಚೆ ಬದಿಗೆ ಹಿಡಿದಿದ್ದ ನನ್ನ ಅಂಗೈಗೆ ಗಾಳಿ ತಾಕಿತು.

"ಇದು ಆತು. ನನ್ನ ಅಳತಿದೂ ಒಂದು ತೆಗೀರಿ."

"ನಿಮಗ ಯಾಕ, ಮಾವಶಿ?" ಎಂದೆ.

"ನೀ ಮತ್ತ ಬಿದ್ರ ಎತ್ತಾಕ ಬಾಜೂಕ ಯಾರರ ಓಡಬೇಕಲ್ಲ?"

ನಾಳೆ ಬೆಳಗ್ಗೆ ಐದೂವರೆಗೆ ತಯಾರಿರಬೇಕಂತೆ. ನನಗೀಗ ಬಿಸಿಲಿನ ಭಯ ಹೋಗಿದೆ. ಅರವತ್ತು ದಾಟಿದ ಅವರು ನನ್ನನ್ನು ಹಿಂದೆ ಹಾಕಿದರೆ ಅನ್ನುವುದೊಂದೇ ಚಿಂತೆ.