ಸೋಮವಾರದ ಪಟ್ಟಿ

ಆತ ನಿರ್ದಯಿ. ಹತ್ತೊಂಬತ್ತು ವರ್ಷ ಒಂದೇ ಕಟ್ಟಡದಲ್ಲಿ ಕೆಲಸ ಮಾಡಿದ ಮೇಲೆ ಈ ಮಾತನ್ನು ಯೋಚಿಸಿಯೇ ಬರೆಯುತ್ತಿದ್ದೇನೆ. ದುಷ್ಟನಲ್ಲ, ಸಿಡುಕನಲ್ಲ, ಯಾರ ಮರ್ಜಿಗೂ ಬಿದ್ದವನಲ್ಲ. ಆದರೆ ಎದುರಿಗೆ ನಿಂತವರ ಮುಖ ನೋಡಿ ತನ್ನ ತೀರ್ಮಾನವನ್ನು ಒಂದೆಳೆಯಷ್ಟೂ ಸಡಿಲಿಸದ ಮನುಷ್ಯನಿಗೆ ನನ್ನ ಬಳಿ ಬೇರೆ ಪದವಿಲ್ಲ.

ನಮ್ಮದು ಜೀವವಿಜ್ಞಾನದ ಸಂಶೋಧನಾ ಸಂಸ್ಥೆ. ನಾನು ಸಸ್ಯರೋಗಗಳ ವಿಭಾಗ ನೋಡಿಕೊಳ್ಳುತ್ತಿದ್ದೆ. ಹೊರಗಿನವರು ನಮ್ಮ ಕೆಲಸವೆಂದರೆ ಸೂಕ್ಷ್ಮದರ್ಶಕ ಮತ್ತು ಗಾಜಿನ ನಳಿಕೆ ಎಂದುಕೊಳ್ಳುತ್ತಾರೆ. ನಿಜವಾದ ಕೆಲಸ ನಡೆಯುತ್ತಿದ್ದದ್ದು ನೆಲಮಾಳಿಗೆಯಲ್ಲಿ. ಕಿಟಕಿಯಿಲ್ಲದ ಉದ್ದನೆಯ ಕೋಣೆ, ಆಳೆತ್ತರದ ಕಪ್ಪು ಕಪಾಟುಗಳು, ಅವುಗಳಲ್ಲಿ ಒಂದಕ್ಕೊಂದು ಜೋಡಿಸಿದ ನೂರಾರು ಕಂಪ್ಯೂಟರುಗಳು. ಒಳಗೆ ಹೋದರೆ ಫ್ಯಾನುಗಳ ಗದ್ದಲಕ್ಕೆ ಕೂಗಿಯೇ ಮಾತಾಡಬೇಕು. ಬೇಸಿಗೆಯಲ್ಲೂ ಸ್ವೆಟರ್ ಬೇಕು. ಜೀವಕೋಶದ ವಂಶವಾಹಿಯನ್ನು ಓದುವ ಉಪಕರಣ ಅದನ್ನು ಕೋಟಿಗಟ್ಟಲೆ ಚೂರುಗಳಾಗಿ ಕೊಡುತ್ತದೆ. ಆ ಚೂರುಗಳನ್ನು ಹೊಂದಿಸಿ, ಎಲ್ಲಿ ಏನು ಕೆಟ್ಟಿದೆ ಎಂದು ಹುಡುಕಲು ಮೇಜಿನ ಮೇಲಿನ ಕಂಪ್ಯೂಟರಿಗೆ ತಿಂಗಳು ಹಿಡಿದರೆ ನೆಲಮಾಳಿಗೆಯ ಯಂತ್ರಕ್ಕೆ ಒಂದೆರಡು ದಿನ ಸಾಕು. ಹಾಗಾಗಿ ಎಲ್ಲರಿಗೂ ಅದೇ ಬೇಕು, ಎಲ್ಲರೂ ಸಾಲಿನಲ್ಲಿ ನಿಲ್ಲಬೇಕು. ಆ ಸಾಲನ್ನು ಕಾಯುತ್ತಿದ್ದವನು ಈತ.

ಸಾಲಿಗೆ ಒಂದು ಕಟ್ಟಳೆಯಿತ್ತು. ಕೆಲಸ ಸೇರಿಸುವಾಗಲೇ ಎಷ್ಟು ಗಂಟೆ ಬೇಕು ಎಂದು ಹೇಳಬೇಕು. ಆ ಗಂಟೆ ಮುಗಿದ ಕ್ಷಣ, ಕೆಲಸ ಮುಗಿದಿರಲಿ ಬಿಡಲಿ, ಯಂತ್ರ ಅದನ್ನು ಕತ್ತರಿಸಿ ಹೊರಗೆ ಹಾಕುತ್ತದೆ. ಈ ಭಯಕ್ಕೆ ಎಲ್ಲರೂ ಬೇಕಾದ್ದಕ್ಕಿಂತ ಎರಡು ಪಾಲು ಗಂಟೆ ಕೇಳುತ್ತಿದ್ದರು. ಆತನಿಗೆ ಅದು ಕಳ್ಳತನಕ್ಕೆ ಸಮ. ಬೆಳಗ್ಗೆ ಒಂಬತ್ತಕ್ಕೆ ಬಂದವನೇ ಸಾಲನ್ನು ಮೇಲಿನಿಂದ ಕೆಳಗೆ ಓದಿ, ಯಾರಿಗೂ ಬೇಡವಾದ ಕೆಲಸಗಳನ್ನು ತೆಗೆದುಹಾಕುತ್ತಿದ್ದ. ವಿದ್ಯಾರ್ಥಿಗಳು ಅವನಿಗೆ ಪೊರಕೆ ಎಂದು ಹೆಸರಿಟ್ಟಿದ್ದರು. ಪ್ರತಿ ಸೋಮವಾರ ಯಂತ್ರದ ಕೋಣೆಯ ಬಾಗಿಲಿಗೆ ಒಂದು ಹಾಳೆ ಅಂಟಿಸುತ್ತಿದ್ದ: ಹೆಸರು, ವ್ಯರ್ಥ ಮಾಡಿದ ಗಂಟೆ, ಕಾರಣ. ಕಾರಣ ಯಾವಾಗಲೂ ಒಂದೇ ಪದ, ಆತನದೇ ಕೈಬರಹ. ಸೋಮಾರಿತನ. ಅವಸರ. ದುರಾಸೆ. ಒಮ್ಮೆ ಸ್ವತಃ ನಿರ್ದೇಶಕರ ಹೆಸರು ಬಂದಿತ್ತು: ಹನ್ನೊಂದು ಗಂಟೆ, ಮರೆವು. ನನ್ನ ಹೆಸರು ಎರಡು ಸಲ ಬಂದಿದೆ. ಎರಡನೆಯ ಸಲದ ಕಾರಣವನ್ನು ಇಲ್ಲಿ ಬರೆಯುವುದಿಲ್ಲ.

ಆತನ ಹೆಂಡತಿ ಹಿಂದಿನ ಬೀದಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಳು. ಗಂಡನಿಗೆ ಇಲ್ಲದ ನಗುವನ್ನೆಲ್ಲ ಸೇರಿಸಿ ಇವಳಿಗೇ ಕೊಟ್ಟಂತಿತ್ತು. ಆಕೆಗೆ ಹೊಟ್ಟೆಯಲ್ಲಿ ಗೆಡ್ಡೆ ಎಂದು ಗೊತ್ತಾದಾಗ ಅದು ಆಗಲೇ ಹರಡಿತ್ತು. ಕೊಡಬಹುದಾದ ಔಷಧಿ ಎರಡಿದ್ದವು. ಯಾವುದು ಹಿಡಿಯುತ್ತದೆ ಎನ್ನುವುದು ಗೆಡ್ಡೆಯ ವಂಶವಾಹಿಯಲ್ಲಿ ಏನು ಬದಲಾಗಿದೆ ಎಂಬುದರ ಮೇಲೆ ನಿಂತಿತ್ತು. ತಪ್ಪು ಔಷಧಿಯಲ್ಲಿ ಕಳೆಯುವಷ್ಟು ಸಮಯ ಆಕೆಗಿಲ್ಲ, ವರದಿ ತನ್ನಿ, ಆಮೇಲೆ ಶುರುಮಾಡೋಣ ಎಂದು ವೈದ್ಯರು ಹೇಳಿದ್ದರು. ನಮ್ಮ ಕ್ಯಾನ್ಸರ್ ವಿಭಾಗದಲ್ಲಿ ಅಂಥ ರೋಗಿಗಳ ಅಧ್ಯಯನವೊಂದು ನಡೆಯುತ್ತಿತ್ತು. ಆಕೆಯ ಮಾದರಿಯೂ ಅದಕ್ಕೆ ಸೇರಿತು. ಅಲ್ಲಿನ ವಿಶ್ಲೇಷಕಿ, ನಲವತ್ತರ ಹೆಂಗಸು, ಅದನ್ನು ಸಾಲಿಗೆ ಸೇರಿಸುವಾಗ ಆತ ಹಿಂದೆಯೇ ನಿಂತಿದ್ದನಂತೆ.

"ಎಷ್ಟು ಗಂಟೆ ಹಾಕ್ಲಿ ಸರ್? ಎಪ್ಪತ್ತೆರಡು?"

"ಯಾಕೆ, ಯಂತ್ರ ನಡುವೆ ಮಲಗಿ ಎದ್ದು ಕೆಲಸ ಮಾಡುತ್ತಾ? ಮೂವತ್ತಾರು ಸಾಕು."

"ಎಲ್ರೂ ಎಪ್ಪತ್ತೆರಡೇ ಹಾಕೋದು."

"ಅದಕ್ಕೇ ಎಲ್ರೂ ಕಾಯೋದು."

ಇದರಲ್ಲಿ ಲೆಕ್ಕಾಚಾರವಿತ್ತು. ಕಡಿಮೆ ಗಂಟೆ ಕೇಳಿದ ಕೆಲಸವನ್ನು ಯಂತ್ರ ದೊಡ್ಡ ಕೆಲಸಗಳ ನಡುವಿನ ಸಂದಿಯಲ್ಲಿ ತೂರಿಸಿಬಿಡುತ್ತದೆ. ನಿಯಮದೊಳಗೆ ಹೆಂಡತಿಗಾಗಿ ಮಾಡಬಹುದಾದದ್ದು ಅದೊಂದೇ, ಅದನ್ನು ಮಾಡಿದ. ಆದರೆ ಮಾದರಿಯಲ್ಲಿ ಗೆಡ್ಡೆಯ ಅಂಶ ಕಡಿಮೆಯಿದ್ದುದರಿಂದ ಅದನ್ನು ಮಾಮೂಲಿಗಿಂತ ಹೆಚ್ಚು ಸಲ ಓದಿಸಿದ್ದರು, ಫೈಲು ದೊಡ್ಡದಾಗಿತ್ತು. ಫೈಲಿನ ಗಾತ್ರ ನೋಡದೆ ಗಂಟೆ ಕೇಳುವವರನ್ನು ಆತ ಹತ್ತೊಂಬತ್ತು ವರ್ಷ ಬೈದಿದ್ದಾನೆ. ಅವತ್ತು ತಾನೇ ನೋಡಲಿಲ್ಲ.

ನಾನು ಆಕೆಯನ್ನು ನೋಡಲು ಒಮ್ಮೆ ಮನೆಗೆ ಹೋಗಿದ್ದೆ. ಮುಂಗೋಣೆಯಲ್ಲೇ ಹಾಸಿಗೆ. ಗೋಡೆಗೆ ಒರಗಿಸಿದ್ದ ಹೊಲಿಗೆ ಯಂತ್ರದ ಮೇಲೆ ಔಷಧಿಯ ಡಬ್ಬಿಗಳು. ಹೊಲಿದು ಮುಗಿಸದ ಬಟ್ಟೆಗಳು ಗಿರಾಕಿಗಳ ಚೀಟಿ ಸಮೇತ ಮೂಲೆಯಲ್ಲಿದ್ದವು. ಆಕೆಯ ತಮ್ಮ ಬಾಗಿಲ ಬಳಿ ಸ್ಟೂಲಿನ ಮೇಲೆ ಕುಳಿತಿದ್ದ. ಆತ ಕೆಲಸ ಮುಗಿಸಿ ಒಳಗೆ ಬಂದ.

"ಎಷ್ಟನೇ ನಂಬರ್ರೀ ಈಗ?" ಎಂದಳು ಆಕೆ.

"ಇಪ್ಪತ್ತಮೂರು."

"ನೋಡಿ ಮೇಡಂ, ಬೆಳಗ್ಗೆ ಇಪ್ಪತ್ತನಾಲ್ಕಿದ್ದೆ. ಬಡ್ತಿ ಸಿಕ್ತು."

ತಮ್ಮನಿಗೆ ನಗು ಬರಲಿಲ್ಲ. "ಭಾವ, ಒಂದು ಗುಂಡಿ ಒತ್ತಿದ್ರೆ ಅಕ್ಕನದು ಮೊದಲನೇ ನಂಬರಿಗೆ ಬರುತ್ತೆ ಅಂತ ನೀವೇ ಹೇಳಿದ್ರಿ. ಒತ್ತೋಕೆ ಏನು ಧಾಡಿ ನಿಮಗೆ?"

"ಮುಂದಿರೋ ಇಪ್ಪತ್ತೆರಡರಲ್ಲಿ ಹನ್ನೊಂದು ಇದೇ ಕಾಯಿಲೆಯವರದ್ದು. ಯಾರನ್ನ ಹಿಂದಕ್ಕೆ ತಳ್ಳಲಿ, ನೀನೇ ಹೇಳು."

"ನನಗೇನು ಗೊತ್ತು? ಅವರ್ಯಾರೂ ನನ್ನಕ್ಕ ಅಲ್ಲ."

"ಸುಮ್ನಿರೋ ಸಾಕು," ಎಂದಳು ಆಕೆ. "ನನ್ನ ಅಂಗಡೀಲಿ ಅತ್ತೋರ ಬಟ್ಟೆ ಮೊದಲು ಹೊಲೀತಿದ್ದೆ. ಇವರ ಹತ್ರ ಅಳೋದೂ ದಂಡ. ಕಣ್ಣೀರಿಗೂ ಗಂಟೆ ಕೇಳ್ತಾರೆ."

ಆತ ನೀರು ಬಿಸಿಮಾಡಲು ಒಳಗೆ ಹೋದ.

ಹದಿನಾಲ್ಕನೆಯ ದಿನ ಆಕೆಯ ಕೆಲಸ ಶುರುವಾಯಿತು. ಮೂವತ್ತಾರು ಗಂಟೆ ಮುಗಿಯಬೇಕಾದದ್ದು ಮರುದಿನ ಸಂಜೆ ನಾಲ್ಕಕ್ಕೆ. ಆ ಜಾಗಕ್ಕೆ ನಂತರದ ಸರದಿ ನನ್ನ ವಿದ್ಯಾರ್ಥಿನಿಯದು. ಅದಕ್ಕಾಗಿ ನಾವಿಬ್ಬರೂ ನೆಲಮಾಳಿಗೆಯ ಅವನ ಮೇಜಿನ ಬಳಿ ಇದ್ದೆವು. ಮೂರು ಗಂಟೆಯ ಹೊತ್ತಿಗೆ ವಿಶ್ಲೇಷಕಿ ಮೆಟ್ಟಿಲಿಳಿದು ಓಡಿಬಂದಳು.

"ಸರ್, ಮುಗಿಯಲ್ಲ. ಇನ್ನೂ ಮೂರು ಗಂಟೆ ಹತ್ತು ನಿಮಿಷದ್ದಿದೆ. ನಾಲ್ಕಕ್ಕೆ ಕತ್ತರಿಸುತ್ತೆ. ಆದಷ್ಟನ್ನ ನಡುವೆ ಉಳಿಸಿಕೊಳ್ಳೋಕೂ ಈ ಪ್ರೋಗ್ರಾಂನಲ್ಲಿ ಆಗಲ್ಲ. ಅವಧಿ ಹೆಚ್ಚಿಸಿ ಸರ್."

ಆತ ಪರದೆ ನೋಡಿದ. ಫೈಲಿನ ಗಾತ್ರವನ್ನು ಆಗ ತೆಗೆದು ನೋಡಿದ. ಬಹಳ ಹೊತ್ತು ನೋಡಿದ.

"ಕೇಳಿದ್ದು ಮೂವತ್ತಾರು," ಎಂದ.

"ಕೇಳಿಸಿದ್ದು ನೀವು!"

"ಹೌದು. ತಪ್ಪು ನಂದೇ."

"ಹಾಗಾದ್ರೆ ಹೆಚ್ಚಿಸಿ!"

"ಬೇರೆಯವರ ತಪ್ಪಿಗೆ ಯಾವತ್ತು ಹೆಚ್ಚಿಸಿದೀನಿ?"

ನನ್ನ ವಿದ್ಯಾರ್ಥಿನಿ ನನ್ನ ಮುಖ ನೋಡಿ, ಆಮೇಲೆ ಅವನಿಗೆ ಹೇಳಿದಳು: "ಸರ್, ನಂದು ಎರಡು ಗಂಟೆ ತಡವಾದ್ರೂ ಪರವಾಗಿಲ್ಲ."

"ನಿನ್ನ ಹಿಂದೆ ಹದಿನಾಲ್ಕು ಜನ ಇದ್ದಾರಮ್ಮ. ಅವರನ್ನೆಲ್ಲ ಕೇಳ್ಕೊಂಡು ಬಂದ್ಯಾ?"

ಹದಿನಾಲ್ಕು ಜನರನ್ನು ಕೇಳಲು ಒಂದು ಗಂಟೆ ಸಾಕಿತ್ತು. ಎಲ್ಲರೂ ಅದೇ ಕಟ್ಟಡದವರು, ಯಾರೂ ಇಲ್ಲ ಎನ್ನುತ್ತಿರಲಿಲ್ಲ. ನಾನು ಹಿರಿಯಳು, ಕೇಳೋಣ ನಡೆಯಿರಿ ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ಅವನ ಮೇಲೆ ಕೋಪ ಮಾಡಿಕೊಂಡು ನಿಂತೆ. ಅದು ಸುಲಭದ ಕೆಲಸ.

ನಾಲ್ಕು ಗಂಟೆಗೆ ಪರದೆಯಲ್ಲಿ ಆ ಸಾಲು ಮಾಯವಾಗಿ ನನ್ನ ವಿದ್ಯಾರ್ಥಿನಿಯ ಹೆಸರು ಬಂತು. ವಿಶ್ಲೇಷಕಿ ಐವತ್ತು ಗಂಟೆ ಕೇಳಿ ಮತ್ತೆ ಸಾಲಿನ ತುದಿಗೆ ಸೇರಿಸಿದಳು. ಒಬ್ಬೊಬ್ಬರದು ಎರಡು ಮೂರು ಕೆಲಸವಿದ್ದುದರಿಂದ ಮೂವತ್ತೊಂದನೆಯ ನಂಬರು ಬಂತು. ವೈದ್ಯರು ಇನ್ನು ಕಾಯಲಾಗದು ಎಂದು ತಮ್ಮ ಅಂದಾಜಿನ ಮೇಲೆ ಮೊದಲನೆಯ ಔಷಧಿಯನ್ನು ಶುರುಮಾಡಿದರು. ಆಕೆಗೆ ಜ್ವರ ಬಂತು, ಬಾಯಿಯೆಲ್ಲ ಹುಣ್ಣಾಯಿತು. ಹನ್ನೆರಡನೆಯ ದಿನ ಹೋದಳು. ಆಗ ನಂಬರು ಹನ್ನೊಂದಾಗಿತ್ತು. ತಮ್ಮ ಅಲ್ಲಿ ನೆರೆದವರೆದುರು ಭಾವನಿಗೆ ಹೇಳಿದ ಒಂದೇ ಮಾತು: "ನಿಮ್ಮ ಸಾಲು ಸರಿಯಾಗಿದೆ ತಾನೇ?"

ಆಕೆ ಹೋದ ಆರನೆಯ ದಿನಕ್ಕೆ ಆತ ಕೆಲಸಕ್ಕೆ ಬಂದ. ಅದೇ ಸ್ವೆಟರು. ಒಂಬತ್ತಕ್ಕೆ ಕುಳಿತು ಸಾಲನ್ನು ಗುಡಿಸತೊಡಗಿದ. ಫಲಿತಾಂಶಕ್ಕೆ ಮೊದಲೇ ರೋಗಿ ತೀರಿಕೊಂಡರೆ ಆ ಮಾದರಿಯನ್ನು ಅಧ್ಯಯನದಿಂದ ಕೈಬಿಡಬೇಕೆಂಬ ನಿಯಮವಿತ್ತು. ಅಂಥ ಕೆಲಸಗಳನ್ನು ಆತ ಒಂದು ಗಂಟೆಯೂ ಉಳಿಸುತ್ತಿರಲಿಲ್ಲ. ವಿಶ್ಲೇಷಕಿ ತಾನೇ ತೆಗೆಯಲು ಹೋಗಿ ಕೈ ಬಾರದೆ ಬಿಟ್ಟಿದ್ದಳು. ಹೇಗೂ ಪೊರಕೆ ಬರುತ್ತದಲ್ಲ ಎಂದುಕೊಂಡಿದ್ದಳು. ಆ ಬೆಳಗ್ಗೆ ಅವಳು ತನ್ನ ಕೋಣೆಯಲ್ಲಿ ಪರದೆ ನೋಡುತ್ತಾ ಕುಳಿತಿದ್ದಳು. ಎರಡನೆಯ ನಂಬರಿನದು ಹೋಯಿತು. ಐದನೆಯದು ಹೋಯಿತು. ಒಂಬತ್ತನೆಯದು ಹೋಯಿತು. ಏಳನೆಯದು ಆತನ ಹೆಂಡತಿಯದು. ಅದು ಇದ್ದಲ್ಲೇ ಇತ್ತು.

ಮೂರು ದಿನದ ಮೇಲೆ ಅದರ ಸರದಿ ಬಂತು. ಯಂತ್ರ ಅದನ್ನು ಮೂವತ್ತೆಂಟು ಗಂಟೆ ಹತ್ತು ನಿಮಿಷ ನಡೆಸಿತು. ಆ ಎರಡು ದಿನ ಆತ ಊಟಕ್ಕೂ ಮೇಲೆ ಬರಲಿಲ್ಲ. ಮುಗಿದ ಮೇಲೆ ವಿಶ್ಲೇಷಕಿ ವರದಿ ತೆಗೆದುಕೊಂಡು ಕೆಳಗೆ ಹೋದಳು.

"ಯಾವುದು?" ಎಂದು ಕೇಳಿದನಂತೆ.

"ಎರಡನೇದು ಸರ್." ಆಮೇಲೆ ಸೇರಿಸಿದಳಂತೆ, "ಅದನ್ನ ಕೊಟ್ಟಿದ್ರೂ ಉಳೀತಿದ್ರು ಅಂತ ಹೇಳೋಕಾಗಲ್ಲ."

"ಹೇಳಬೇಡಿ," ಎಂದನಂತೆ. ವರದಿಯನ್ನು ಎರಡು ಮಡಿಕೆ ಮಾಡಿ ಸ್ವೆಟರಿನೊಳಗಿನ ಜೇಬಿಗೆ ಇಟ್ಟುಕೊಂಡನಂತೆ.

ಮುಂದಿನ ಸೋಮವಾರ ನಾನು ಯಂತ್ರದ ಕೋಣೆಗೆ ಇಳಿದಾಗ ಬಾಗಿಲ ಮೇಲೆ ಎಂದಿನ ಹಾಳೆ ಇತ್ತು. ನಾಲ್ಕು ಸಾಲು. ಮೊದಲಿನ ಮೂವರು ಬೇರೆ ಬೇರೆ ವಿಭಾಗದವರು. ಸೋಮಾರಿತನ, ಮರೆವು, ಅವಸರ. ನಾಲ್ಕನೆಯದು ಆತನದೇ ಹೆಸರು, ಎದುರಿಗೆ ಮೂವತ್ತೆಂಟು ಗಂಟೆ ಹತ್ತು ನಿಮಿಷ, ಅದೇ ನೆಟ್ಟನೆಯ ಕೈಬರಹ. ಕಾರಣದ ಜಾಗದಲ್ಲಿ ಪೆನ್ನು ಊರಿದ ಒಂದು ಚುಕ್ಕೆಯಿತ್ತು, ಪದ ಇರಲಿಲ್ಲ.